ಕಿವಿ ಮುಟ್ಟಿದ ಕೈ

2041ರ ಜೂನ್ 1, ಶನಿವಾರ, ಬೆಳಿಗ್ಗೆ ಆರು ಗಂಟೆ. ಬಾಗಲಕೋಟೆ ನವನಗರದ ನಿಯಂತ್ರಣ ಕೊಠಡಿಯಲ್ಲಿ ಇಂದುಮತಿ ಕಮತಗಿ ಚಹಾದ ಲೋಟವನ್ನು ಇನ್ನೂ ತುಟಿಗೆ ಮುಟ್ಟಿಸಿರಲಿಲ್ಲ. ಎದುರಿನ ಪರದೆಯ ಮೂಲೆಯಲ್ಲಿ ದಿನವೂ ಈ ಹೊತ್ತಿಗೆ ಒಂದು ಸಣ್ಣ ಸಂಖ್ಯೆ ಮೂಡುತ್ತಿತ್ತು. ಅದು ಆ ದಿನ ಮುಚ್ಚಿಕೊಂಡ ಕಡ್ಡಿಗಳ ಸಂಖ್ಯೆ. ಮೊನ್ನೆ ಐವತ್ತೊಂದು, ನಿನ್ನೆ ನಲವತ್ತಾರು. ಇವತ್ತು 3,118.

"ಮೇಡಂ, ಇದೇನ್ರೀ ಇದು?" ಪಕ್ಕದ ಮೇಜಿನಿಂದ ಮೆಹಬೂಬ ಕಿಲ್ಲೇದಾರ ಎದ್ದು ನಿಂತ. ಐವತ್ತೆರಡು ವರ್ಷದ ತಂತ್ರಜ್ಞ. ಆ ಕೊಠಡಿಯಲ್ಲಿ ಅವನು ಕಾಣದ ತೊಂದರೆ ಇರಲಿಲ್ಲ. "ಯಾರರೆ ಒಳಗ ಹೊಕ್ಕಾರೇನು?"

ಪರದೆಗೂ ಅದೇ ಅನುಮಾನ ಬಂದಿತ್ತು. ಅದು ಹಳದಿಗೆ ತಿರುಗಿ ಒಂದೇ ಸಾಲು ತೋರಿಸಿತು: ಅಸಹಜ ಮುಚ್ಚುವಿಕೆ, ಎಪ್ಪತ್ತೆರಡು ಗಂಟೆ ಸ್ತಂಭನ.

ಜನ ಅದನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಬೆಂಕಿಕಡ್ಡಿಗಿಂತ ತುಸು ಗಿಡ್ಡ. ಎಡತೋಳಿನ ಒಳಮಗ್ಗುಲಲ್ಲಿ ಚರ್ಮದಡಿ ಕೂರುವ ಗರ್ಭನಿರೋಧಕ. ಒಳಗೆ ಐದು ವರ್ಷಕ್ಕಾಗುವಷ್ಟು ಹಾರ್ಮೋನು, ಅದರ ಬಾಯಿಗೆ ಒಂದು ಪೊರೆ. ದಿನವೂ ಬೆಳಿಗ್ಗೆ ಆರಕ್ಕೆ ಹೆಂಗಸಿನ ಫೋನಿನ ಮೂಲಕ ಈ ಕೊಠಡಿಯಿಂದ ಅನುಮತಿ ಹೋದರೆ ಪೊರೆ ಆ ದಿನದ ಮಟ್ಟಿಗೆ ತೆರೆದಿರುತ್ತದೆ, ಹೋಗದಿದ್ದರೆ ಮುಚ್ಚಿಕೊಳ್ಳುತ್ತದೆ. ವೈದ್ಯರು ಚೀಟಿ ಬರೆದುಕೊಟ್ಟ ಗರ್ಭನಿರೋಧಕದ ಹೊಣೆಯನ್ನು ಆರೋಗ್ಯ ವಿಮೆ ಹೊರಲೇಬೇಕು, ಯಾಕೆ ಏನು ಎಂದು ಕೇಳಕೂಡದು ಎಂಬ ಕಾಯಿದೆ ಏಳು ವರ್ಷದ ಹಿಂದೆ ಬಂದಿತ್ತು. ರಾಜ್ಯದ ವಿಮಾ ಕೂಟ ಅದಕ್ಕೆ ಒಪ್ಪಿ ಒಂದು ಶರತ್ತು ಹಾಕಿತು: ತಾನು ಹೊಣೆ ಹೊತ್ತ ದಿನ ಮಾತ್ರ ಔಷಧ ಹರಿಯಬೇಕು. ಪೊರೆ ಹುಟ್ಟಿದ್ದು ಆ ಶರತ್ತಿನಿಂದ.

ಈ ವರ್ಷದ ಮಾರ್ಚಿನಲ್ಲಿ ಇನ್ನೊಂದು ಶರತ್ತು ಬಂತು. ನಲವತ್ತೈದು ತುಂಬಿದ ದಿನ ಹೊಣೆ ಮುಗಿಯುತ್ತದೆ. ಅದಾಗಲೇ ವಯಸ್ಸು ದಾಟಿದವರನ್ನು ಆಸ್ಪತ್ರೆಗೆ ಕರೆಸಿ ಕಡ್ಡಿ ತೆಗೆಸಿದರು. ಉಳಿದವರ ಕಡ್ಡಿಯನ್ನು ಅವರವರ ಹುಟ್ಟುಹಬ್ಬದ ಬೆಳಿಗ್ಗೆ ಮುಚ್ಚುವ ಪ್ರೋಗ್ರಾಂ ಬರೆದವಳು ಇಂದುಮತಿ. ಬರೆದು ಸುಮ್ಮನೆ ಬಿಟ್ಟಿರಲಿಲ್ಲ. ಹತ್ತು ಸಾವಿರ ಕಲ್ಪಿತ ಹೆಂಗಸರ ಮೇಲೆ ಓಡಿಸಿ ನೋಡಿದ್ದಳು. ವರ್ಷದ ಮುನ್ನೂರ ಅರವತ್ತೈದು ದಿನಕ್ಕೂ ಅವರ ಹುಟ್ಟುದಿನಗಳನ್ನು ಸಮನಾಗಿ ಹಂಚಿದ್ದಳು. ಪರೀಕ್ಷೆ ಒಂದು ತಪ್ಪೂ ಇಲ್ಲದೆ ದಾಟಿತ್ತು.

ಈಗ ಆ ಹಳದಿ ಪರದೆಯ ಎದುರು ಅವಳು ತಾರೀಖನ್ನು ಇನ್ನೊಮ್ಮೆ ಓದಿದಳು.

"ಯಾರೂ ಹೊಕ್ಕಿಲ್ಲ ಮೆಹಬೂಬಣ್ಣ," ಅಂದಳು. "ಇವತ್ತು ಜೂನ್ ಒಂದು. ನಿಮ್ಮ ಹುಟ್ಟಿದ ತಾರೀಖು ಯಾವುದು?"

ಮೆಹಬೂಬ ಅವಳ ಮುಖ ನೋಡಿದ. "ಸಾಲ್ಯಾಗ ಬರಸಿದ್ದಾ? ಜೂನ್ ಒಂದು. ಎಲ್ಲಾರದ್ದೂ ಅದಽ ಅಲ್ಲೇನ್ರಿ."

"ನಂದೂ ಅದಽ."

ಶಾಲೆ ತೆರೆಯುವ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಹೆಡ್‌ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡ ಕಾಲದವರು ಅವರು. ಅದನ್ನು ಹುಟ್ಟಿದ ದಿನವೆಂದು ಯಾರೂ ನಂಬಿರಲಿಲ್ಲ. ನಂಬದೆ ಇದ್ದುದರಿಂದಲೇ ಪರೀಕ್ಷೆಯ ಹೊತ್ತಿಗೆ ಅದು ಇಂದುಮತಿಯ ನೆನಪಿಗೆ ಬರಲಿಲ್ಲ.

ಮೆಹಬೂಬ ಮುಚ್ಚಿದ ಕಡ್ಡಿಗಳ ಪಟ್ಟಿಯನ್ನು ಊರಿನ ಪ್ರಕಾರ ಸರಿಸುತ್ತ ಹೋದ. ಗುಳೇದಗುಡ್ಡ ಬಂದಾಗ ಅವನ ಬೆರಳು ನಿಂತಿತು. "ಮೇಡಂ, ನಿಂಗವ್ವ ಕಾಶೀನಾಥ ಅಂದ್ರ ನಿಮ್ಮ ಅಕ್ಕಾವರಲ್ಲೇನು?"

ಇಂದುಮತಿಯ ಮನಸ್ಸಿನಲ್ಲಿ ಅಕ್ಕನಿಗೆ ನಲವತ್ತಮೂರು. ಕಾಗದದಲ್ಲಿ ಅವಳಿಗೆ ಇವತ್ತು ನಲವತ್ತೈದು ತುಂಬಿತ್ತು.

ಸ್ತಂಭನ ಇರುವ ತನಕ ಮುಚ್ಚಿದ ಕಡ್ಡಿಗಳನ್ನು ತೆರೆಯುವಂತಿಲ್ಲ. ಅದನ್ನು ಅವಧಿಗೆ ಮೊದಲೇ ಎತ್ತಲು ಎರಡು ಸಹಿ ಬೇಕು. ಕಾರಣ ಇಂಥದ್ದೆಂದು ಎಂಜಿನಿಯರು ಒಂದು ಹಾಕಬೇಕು, ತೆರೆಯುವ ವೈದ್ಯಕೀಯ ಅಗತ್ಯ ಇದೆಯೆಂದು ರಾಜಧಾನಿಯಲ್ಲಿರುವ ವೈದ್ಯಕೀಯ ಮುಖ್ಯಸ್ಥೆ ಡಾ. ಪದ್ಮಜಾ ಅಂಗಡಿ ಇನ್ನೊಂದು ಹಾಕಬೇಕು. ಇಂದುಮತಿ ಅವರಿಗೆ ವರದಿ ಕಳಿಸಿದಳು. ಶನಿವಾರವಾದ್ದರಿಂದ ನಾಲ್ಕು ಗಂಟೆಗೆ ಮಾತಾಡುವುದಾಗಿ ಉತ್ತರ ಬಂತು.

ಕಪಾಟಿನಲ್ಲಿ ಒಂದು ಕೈಕೀಲಿ ಇತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದು. ತೋಳಿಗೆ ಹಿಡಿದರೆ ರಕ್ತದಲ್ಲಿ ಹಾರ್ಮೋನು ಎಷ್ಟಿದೆಯೆಂದು ಎಷ್ಟು ಸಲ ಬೇಕಾದರೂ ತೋರಿಸುತ್ತದೆ. ಅದರ ಕೆಂಪು ಗುಂಡಿ ಒತ್ತಿದರೆ ಯಾರ ಅನುಮತಿಯೂ ಇಲ್ಲದೆ ಒಂದು ಕಡ್ಡಿಯನ್ನು, ಒಂದೇ ಒಂದು ಸಲ, ತೆರೆಯುತ್ತದೆ.

"ಒಯ್ಯಿರಿ," ಅಂದ ಮೆಹಬೂಬ.

"ಸ್ತಂಭನದಾಗ ಗುಂಡಿ ಒತ್ತಿದ್ರ ಕಳ್ಳತನ ಅಂತ ತಿಳಕೊಂಡು ಎಪ್ಪತ್ತೆರಡು ಗಂಟೆ ಮತ್ತ ಮೊದಲಿಂದ ಶುರು ಆಗತೈತಿ. ಮೂರು ಸಾವಿರ ಮಂದಿಗೂ."

"ಒಯ್ಯಿರಿ ಅಂದೆ, ಒತ್ತರಿ ಅನ್ನಲಿಲ್ಲ."

* * *

ಗುಳೇದಗುಡ್ಡದ ಆ ಓಣಿಯಲ್ಲಿ ಹನ್ನೆರಡು ಗಂಟೆಗೂ ಕೈಮಗ್ಗದ ಸದ್ದು ನಿಂತಿರಲಿಲ್ಲ. ನಿಂಗವ್ವ ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ಕೂತು ಕುಪ್ಪಸದ ಖಣ ನೇಯುತ್ತಿದ್ದಳು. ಲಾಳಿ ಆಚೆಗೊಮ್ಮೆ ಈಚೆಗೊಮ್ಮೆ ಓಡುತ್ತಿತ್ತು.

"ಬಾರವಾ ಎಂಜಿನೀರ. ದಾರಿ ತಪ್ಪಿ ಬಂದಿ?"

"ಅಕ್ಕಾ, ಮಗ್ಗ ನಿಲ್ಲಸು. ತೋಳು ಕೊಡು."

ನಿಂಗವ್ವ ಎಡಗೈ ಎತ್ತಿ, ತಲೆಯ ಮೇಲಿಂದ ಹಾಯಿಸಿ, ಬಲಗಿವಿ ಹಿಡಿದುಕೊಂಡಳು. ಕಡ್ಡಿ ಓದುವಾಗ ತೋಳು ಹಾಗೇ ಇರಬೇಕು. ಕೈಕೀಲಿ 203 ಎಂದು ತೋರಿಸಿತು. ಬೆಳಿಗ್ಗೆ ಆರಕ್ಕೆ ಅದು 240 ಇತ್ತು.

"ನಿಂಗ ಕೂಟದಿಂದ ಏನರೆ ಸಂದೇಶ ಬಂದಿತ್ತಾ?"

"ಬಂದಿತ್ತು. 'ಹುಟ್ಟುಹಬ್ಬದ ಶುಭಾಶಯಗಳು' ಅಂತ ಮೊದಲನೇ ಸಾಲು. ಯಾರ ಹುಟ್ಟುಹಬ್ಬ ಅಂತ ಅಳಿಸಿ ಹಾಕಿದೆ. ಆಚಿ ಮನಿ ಸಾವಂತ್ರವ್ವಗೂ ಬಂದಿತ್ತು, ಆಕೀನೂ ಅಳಿಸಿದ್ಲು."

ಇಂದುಮತಿ ಎಲ್ಲ ಹೇಳಿದಳು. ನಿಂಗವ್ವ ಕೇಳಿಸಿಕೊಂಡು ನಕ್ಕಳು. "ಇಷ್ಟಽ? ನಿಮ್ಮ ಭಾವನ್ನ ನಾಕ ದಿನ ಪಡಸಾಲ್ಯಾಗ ಮಲಗಸ್ತೀನಿ. ಮುಗೀತಲ್ಲ."

"ಗರ್ಭದ ಅಂಜಿಕಿ ಅಲ್ಲಕ್ಕಾ."

ನಗು ನಿಂತಿತು. ಅಂಜಿಕೆ ಯಾವುದೆಂದು ನಿಂಗವ್ವನಿಗೆ ಗೊತ್ತಿತ್ತು. ಮೂವತ್ತನೇ ವಯಸ್ಸಿನಲ್ಲಿ ಅವಳ ಹೃದಯಕ್ಕೆ ಲೋಹದ ಕವಾಟ ಹಾಕಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಅಂದಿನಿಂದ ದಿನವೂ ರಕ್ತ ತೆಳುವಾಗಿಸುವ ಗುಳಿಗೆ. ತಿಂಗಳಿಗೊಮ್ಮೆ ಅಂಡಾಶಯದಿಂದ ಅಂಡ ಹೊರಬರುವಾಗ ಎಲ್ಲ ಹೆಂಗಸರಿಗೂ ಒಳಗೊಂದು ಸಣ್ಣ ಗಾಯವಾಗುತ್ತದೆ. ಬೇರೆಯವರಿಗೆ ಅದು ಗೊತ್ತೇ ಆಗದಂತೆ ಮಾಯುತ್ತದೆ. ನಾಲ್ಕು ವರ್ಷದ ಹಿಂದೆ ನಿಂಗವ್ವನಿಗೆ ಅದು ಮಾಯಲಿಲ್ಲ. ಹೊಟ್ಟೆಯೊಳಗೆ ರಕ್ತ ಸೋರುತ್ತಲೇ ಹೋಗಿ, ಮಗ್ಗದ ಮೇಲೆಯೇ ಕುಸಿದಿದ್ದಳು. ಅಂಡ ಹೊರಬರದಂತೆ ತಡೆಯಲೆಂದೇ ಆಮೇಲೆ ಕಡ್ಡಿ ಹಾಕಿದ್ದರು. ಹಾರ್ಮೋನು ತೊಂಬತ್ತರ ಕೆಳಗಿಳಿದರೆ ಅಂಡಾಶಯ ಎಚ್ಚರಗೊಳ್ಳುತ್ತದೆ. ಒಮ್ಮೆ ಎಚ್ಚರಗೊಂಡರೆ, ಮತ್ತೆ ಔಷಧ ಹರಿದರೂ ಆ ಸುತ್ತು ನಿಲ್ಲುತ್ತದೆಂಬ ಭರವಸೆಯಿಲ್ಲ.

"ಗುಳಿಗಿ ತಗೋತೀನಿ. ಮೊದಲ ಇದ್ದೂವಲ್ಲ, ಹಾಳ್ಯಾಗಿನವು."

"ಬರೂ ದಾರ್ಯಾಗ ಮೂರು ಅಂಗಡಿ ಕೇಳಿದೆ. ಕಡ್ಡಿ ಬಂದ ಮ್ಯಾಲೆ ಯಾರೂ ಇಟ್ಟಿಲ್ಲ. ಆಸ್ಪತ್ರ್ಯಾಗ ಸೂಜಿ ಐತಿ, ಅದರ ಕಪಾಟ ತೆಗೀಬೇಕಂದ್ರ ಕೂಟದ ಅನುಮತಿ ಬೇಕು. ನಿನ್ನ ಹೆಸರು ಒತ್ತಿದ್ರ ವಯಸ್ಸು ದಾಟೇತಿ ಅಂತೈತಿ."

"ನಂಗ ನಲವತ್ತಮೂರಽ ಅಲ್ಲೇನ?"

"ನೀ ಯಾಕ ಕಿವಿ ಮುಟ್ಟಿದಿ?" ಇಂದುಮತಿಯ ದನಿಯಲ್ಲಿ ಸಿಟ್ಟು ಬಂದುಬಿಟ್ಟಿತು.

ಆ ಕತೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದ ಮಗುವಿಗೆ ಆರು ತುಂಬಿದೆ ಎಂದು ಆಗಿನ ಶಾಲೆಯ ಲೆಕ್ಕ. ನಿಂಗವ್ವನಿಗೆ ಆಗ ನಾಲ್ಕೇ ವರ್ಷ. ಆದರೆ ಕೈ ಉದ್ದ. ಶಾಲೆಯಲ್ಲಿ ಮಧ್ಯಾಹ್ನದ ಊಟ ಸಿಗುತ್ತದೆಂದು ಅವ್ವ ಅವಳನ್ನು ಸಾಲಿನಲ್ಲಿ ನಿಲ್ಲಿಸಿದ್ದಳು. ಹೆಡ್‌ಮಾಸ್ತರರಿಗೆ ಗೊತ್ತಿತ್ತು. ಗೊತ್ತಿದ್ದೇ, ಆರು ಎಂದು ಬರೆದರು.

"ಮುಟ್ಟು ಅಂದ್ರು, ಮುಟ್ಟಿದೆ," ಅಂದಳು ನಿಂಗವ್ವ. "ಅವತ್ತು ಬಲಗೈ, ಇವತ್ತು ಎಡಗೈ. ಅಷ್ಟಽ ಫರಕು. ಆ ಕೀಲಿ ಒತ್ತು ಈಗ."

ಇಂದುಮತಿ ಒತ್ತಲಿಲ್ಲ. ಒತ್ತಿದರೆ ಉಳಿದವರಿಗೆ ಏನಾಗುತ್ತದೆಂದು ಹೇಳಿದಳು.

ನಿಂಗವ್ವ ಲಾಳಿಯನ್ನು ಅಂಗೈಯಲ್ಲಿ ತಿರುಗಿಸಿದಳು. "ಅವರಾಗ ನನ್ನಂಥಾಕಿ ಎಷ್ಟ ಮಂದಿ ಅದಾರ?"

"ಗೊತ್ತಿಲ್ಲ."

"ನಂದು ತೊಂಬತ್ತಕ್ಕ ಇಳಿಯೂದು ಯಾವಾಗ?"

ಹಾರ್ಮೋನು ಇಪ್ಪತ್ತೈದು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಇಂದುಮತಿ ದಾರಿಯಲ್ಲೇ ಲೆಕ್ಕ ಹಾಕಿದ್ದಳು. "ನಾಳೆ ಸಂಜಿ ಐದು ಇಪ್ಪತ್ತು."

"ಹಂಗಾರ ನಾಳೆ ಐದರ ತನಕ ತಡೀತೀನಿ. ಐದು ಹೊಡೀತಂದ್ರ ಒತ್ತಾಕಿನ. ಕೀಲಿ ಇಲ್ಲೇ ಇಟ್ಟ ಹೋಗು."

"ಅಕ್ಕಾ, ಅದು ಆಫೀಸಿನ..."

"ನಿನ್ನ ಕೈಯಾಗ ಇದ್ರ ನೀ ಐದಕ್ಕೂ ಒತ್ತೂದಿಲ್ಲ. ನಿನ್ನ ನಾ ಎತ್ತಿ ಬೆಳಸೀನಿ, ನಂಗ ಗೊತ್ತಿಲ್ಲೇನು?"

ಇಂದುಮತಿ ಕೀಲಿಯನ್ನು ಮಗ್ಗದ ಹಲಗೆಯ ಮೇಲೆ ಇಟ್ಟು ಬಂದಳು.

* * *

ನಾಲ್ಕು ಗಂಟೆಗೆ ಪರದೆಯಲ್ಲಿ ಮೂಡಿದ ಡಾ. ಪದ್ಮಜಾ ಅಂಗಡಿ ವರದಿಯನ್ನು ಓದಿ ಮುಗಿಸಿದ್ದರು. ರಾಜಧಾನಿಗೆ ಹೋಗುವ ಮೊದಲು ಬಾಗಲಕೋಟೆಯಲ್ಲೇ ಹೆರಿಗೆ ವೈದ್ಯೆಯಾಗಿದ್ದವರು; ಮಾತು ಇನ್ನೂ ಇಲ್ಲಿಯದೇ.

"ಸರಾಸರಿಗಿಂತ ಅರವತ್ತೈದು ಪಟ್ಟು ಹೆಚ್ಚು ಅಂತ ತೋರಿಸೀರಿ. ತಾರೀಖು ಸುಳ್ಳು, ಒಪ್ಪತೀನಿ. ಆದ್ರ ವರ್ಷ? ತಾರೀಖು ಸುಳ್ಳಿದ್ರೂ ವರ್ಷ ಖರೇ ಇರಬಹುದಲ್ಲ."

"ಎಷ್ಟೋ ಜನರ ವರ್ಷಾನೂ ಸುಳ್ಳು, ಮೇಡಂ."

"ಎಷ್ಟೋ ಅಂತ ಬರದು ನಾ ಹೆಂಗ ಸಹಿ ಮಾಡ್ಲಿ? ನಲವತ್ತೈದು ದಾಟಿದ್ರೂ ತೆರೀಬೇಕಂದ್ರ ಕಾಯಿದೆಯೊಳಗ ಒಂದಽ ದಾರಿ. ಚೀಟ್ಯಾಗ ಕಾರಣ 'ಚಿಕಿತ್ಸೆ' ಅಂತ ಇರಬೇಕು. ಅಂಥಾವು ಎಷ್ಟವ ನೋಡ್ರಿ. ಅಷ್ಟಕ್ಕ ಈಗಽ ಸಹಿ ಮಾಡತೀನಿ."

ಇಂದುಮತಿ ಹುಡುಕಿದಳು. ಉತ್ತರ ಬರಲು ಎರಡು ಸೆಕೆಂಡೂ ಹಿಡಿಯಲಿಲ್ಲ.

"ಸೊನ್ನೆ," ಅಂದಳು.

ಅಂದ ಮೇಲೆ ಆ ಸೊನ್ನೆಯನ್ನೇ ನೋಡುತ್ತ ಕೂತಳು. ಮೂರು ಸಾವಿರ ಹೆಂಗಸರಲ್ಲಿ ಒಬ್ಬಳೂ ಇಲ್ಲ. ಅತಿಯಾದ ಮುಟ್ಟಿಗೆ, ಗರ್ಭಕೋಶದ ಗಂಟಿಗೆ, ತಡೆಯಲಾರದ ನೋವಿಗೆ ಇದೇ ಹಾರ್ಮೋನು ಕೊಡುತ್ತಾರೆಂದು ಯಾವ ವೈದ್ಯಕೀಯ ವಿದ್ಯಾರ್ಥಿಗೂ ಗೊತ್ತು. ಒಂದೋ ಎರಡೋ ಬಂದಿದ್ದರೆ ಅವಳು ನಂಬುತ್ತಿದ್ದಳೇನೋ. ಅಷ್ಟು ಅಚ್ಚುಕಟ್ಟಾದ ಸೊನ್ನೆ ತಾನಾಗಿ ಬರುವುದಿಲ್ಲ.

"ಮೇಡಂ, ಗುಳೇದಗುಡ್ಡದ ನಿಂಗವ್ವ ನೆನಪದಾಳೇನು? ಹೃದಯಕ್ಕ ಕವಾಟ ಹಾಕಿದ್ದು. ಹೊಟ್ಟ್ಯಾಗ ರಕ್ತ ಸೋರಿತ್ತು."

"ಒಂದೂವರೆ ಲೀಟರ್," ಅಂದರು ಡಾಕ್ಟರು, ತಡವಿಲ್ಲದೆ. "ನಾನಽ ತಗದೆ."

"ಆಕಿ ನಮ್ಮಕ್ಕ. ಆಕೀ ಚೀಟೀನೂ ನೀವಽ ಬರದ್ರಿ. ಕಾರಣ ಏನಂತ ಬರದೀರಿ ನನ್ನ ಮುಂದ ಐತಿ. 'ಕುಟುಂಬ ಯೋಜನೆ'."

ಪರದೆಯಲ್ಲಿ ಡಾಕ್ಟರು ಕನ್ನಡಕ ತೆಗೆದರು. "ಚಿಕಿತ್ಸೆ ಅಂತ ಬರದ್ರ ಕೂಟದವರು ಏಳು ಕಾಗದ ಕೇಳತಿದ್ರು. ನಲವತ್ತು ದಿನ ಹಿಡೀತಿತ್ತು. ಕುಟುಂಬ ಯೋಜನೆ ಅಂದ್ರ ಕಾಯಿದೆ ಪ್ರಕಾರ ಪ್ರಶ್ನೆನಽ ಕೇಳಂಗಿಲ್ಲ, ಅವತ್ತಽ ಕಡ್ಡಿ. ನಿಮ್ಮಕ್ಕನ ಹತ್ರ ನಲವತ್ತು ದಿನ ಇರಲಿಲ್ಲ."

"ಎಲ್ಲಾ ಡಾಕ್ಟರೂ ಹಂಗಽ ಬರದಾರ."

"ಬರದಾರ."

"ಅದನ್ನಽ ಬರದು ಸಹಿ ಮಾಡ್ರಿ ಮೇಡಂ. ಚೀಟ್ಯಾಗಿನ ಕಾರಣ ನಂಬೂಹಂಗಿಲ್ಲ, ಒಬ್ಬೊಬ್ಬರದೂ ಡಾಕ್ಟರನ್ನ ಕೇಳೂ ತನಕ ಎಲ್ಲಾ ತೆರದಿಡಬೇಕು ಅಂತ. ನನ್ನ ಪರೀಕ್ಷಾ ತಪ್ಪಿತ್ತು ಅಂತ ನಾ ಬರದುಕೊಡ್ತೀನಿ."

"ನಿಮ್ಮದು ತಪ್ಪು, ಇಂದುಮತಿ. ನಾನು ಮಾಡಿದ್ದು ಸುಳ್ಳು ದಾಖಲೆ. ತಪ್ಪಿಗೆ ವಿಚಾರಣೆ ಆಗತೈತಿ. ಸುಳ್ಳಿಗೆ ವೈದ್ಯಕೀನಽ ಹೋಗತೈತಿ." "ನೋಡತೀನಿ," ಅಂದರು. ಪರದೆ ಕಪ್ಪಾಯಿತು.

ಭಾನುವಾರ ಬೆಳಿಗ್ಗೆ ಆರಕ್ಕೆ ನಿಂಗವ್ವನ ಕಡ್ಡಿ ಅವಳ ಫೋನಿನ ಮೂಲಕ ಕಳಿಸಿದ ಅಂಕಿ 123. ಏಳರ ನಂತರ ಅಂಕಿ ಬರುವುದು ನಿಂತಿತು. ಫೋನ್ ಮಾಡಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂಬ ದನಿ. ಗುಳೇದಗುಡ್ಡಕ್ಕೆ ಇವತ್ತು ದಿನವಿಡೀ ಕರೆಂಟ್ ಇಲ್ಲ, ತಂತಿ ರಿಪೇರಿ, ಟವರ್ ಕೂಡ ಸತ್ತಿದೆ ಎಂದು ಮೆಹಬೂಬ ವಿಚಾರಿಸಿ ಹೇಳಿದ. ಮನೆಯಿಂದ ತಂದ ರೊಟ್ಟಿಯ ಗಂಟನ್ನು ಅವಳ ಮುಂದೆ ಬಿಚ್ಚಿಟ್ಟ. ಅವಳು ಮುಟ್ಟಲಿಲ್ಲ. ತನ್ನ ತಪ್ಪೊಪ್ಪಿಗೆಯನ್ನು ಬರೆದು, ಕಲ್ಪಿತ ಹೆಂಗಸರ ಹತ್ತು ಸಾವಿರ ಹುಟ್ಟುದಿನಗಳನ್ನೂ ಜೊತೆಗೆ ಸೇರಿಸಿ ಕಳಿಸಿದ್ದಳು. ಹನ್ನೊಂದಾಯಿತು. ಹನ್ನೆರಡೂ ಆಯಿತು.

ಒಂದು ನಲವತ್ತಕ್ಕೆ ಪದ್ಮಜಾ ಕಾಣಿಸಿಕೊಂಡರು. ನಿನ್ನೆಯ ಸೀರೆಯಲ್ಲೇ ಇದ್ದರು.

"ನಾನೂರ ಹನ್ನೆರಡು," ಅಂದರು. "ನಾ ಹಂಗ ಬರದ ಚೀಟಿ. ಒಂದೊಂದಽ ತಗದು ಎಣಿಸಿದೆ, ಅದಕ್ಕ ತಡ ಆತು. ಸುಮ್ಮನ 'ಕೆಲವು' ಅಂತ ಬರದಿದ್ರ ನಾಳೆ ಯಾರೂ ನಂಬತಿರಲಿಲ್ಲ. ಸಹಿ ಬಂದೈತೇನು ನೋಡ್ರಿ."

ಬಂದಿತ್ತು. ಎರಡು ಹತ್ತಕ್ಕೆ ಹಳದಿ ಹೋಗಿ ಪರದೆ ಮಾಮೂಲಿಗೆ ಬಂತು. ತೆರೆದ ಕಡ್ಡಿಗಳು 1,900... 2,600... ಎರಡೂ ಮುಕ್ಕಾಲಿಗೆ 3,040. ಫೋನಿಗೆ ಸಂಪರ್ಕ ಸಿಗದವರದ್ದು ಮಾತ್ರ ಉಳಿದಿತ್ತು. ನಿಂಗವ್ವ ಅವರಲ್ಲಿ ಒಬ್ಬಳು.

"ಇನ್ನ ಅಂಜಿಕಿ ಯಾಕ್ರಿ," ಅಂದ ಮೆಹಬೂಬ. "ಐದಕ್ಕ ಅಕ್ಕಾವರು ತಾವಽ ಒತ್ತತಾರ. ಇನ್ನೂ ಇಪ್ಪತ್ತು ನಿಮಿಷ ಮಿಕ್ಕಿರತೈತಿ."

ಇಂದುಮತಿ ತೆರೆದ ಕಡ್ಡಿಗಳ ಹಾರ್ಮೋನಿನ ಗೆರೆಗಳನ್ನು ನೋಡುತ್ತಿದ್ದಳು. ಎರಡು ಹತ್ತಕ್ಕೇ ಪೊರೆ ತೆರೆದಿದ್ದರೂ ಒಂದು ಗೆರೆಯೂ ಮೇಲೇರಿರಲಿಲ್ಲ. ಎಲ್ಲವೂ ಇನ್ನೂ ಇಳಿಯುತ್ತಿದ್ದವು. ಮುಚ್ಚಿಕೊಂಡ ಪೊರೆ ಒಣಗಿರುತ್ತದೆ. ನೆನೆದು ಹಾರ್ಮೋನು ಬಿಡಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಅದನ್ನು ಅವಳು ಓದಿದ್ದಳು. ಅಕ್ಕನಿಗೆ ಸಮಯ ಹೇಳುವಾಗ ಲೆಕ್ಕಕ್ಕೆ ಹಿಡಿಯಲಿಲ್ಲ. ಐದಕ್ಕೆ ಒತ್ತಿದರೆ ತೊಂಬತ್ತರ ಕೆಳಗಿಳಿದ ಮೇಲೆಯೇ ಔಷಧ ಹರಿಯುತ್ತದೆ.

ಕಾರಿನ ಕೀಲಿ ಹಿಡಿದು ಓಡಿದವಳನ್ನು ಕಂಡು ಮೆಹಬೂಬ ಎದ್ದ. ಬಾಗಿಲು ಹಿಡಿದು ನಿಂತ.

* * *

ದಾರಿಯಲ್ಲಿ ಕುರಿಹಿಂಡೊಂದು ಅಡ್ಡ ಬಂದು ಹದಿನೆಂಟು ನಿಮಿಷ ಹೋಯಿತು. ಓಣಿಯ ಬಾಯಲ್ಲಿ ಕಾರು ಬಿಟ್ಟು ಅವಳು ಒಳಗೆ ಓಡಿ ಬಂದಾಗ ಗೋಡೆಯ ಗಡಿಯಾರದಲ್ಲಿ ನಾಲ್ಕು ಐದು.

ನಿಂಗವ್ವ ಮಗ್ಗದ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಎಡಗೈ ತಲೆಯ ಮೇಲಿಂದ ಬಲಗಿವಿಗೆ, ಬಲಗೈಯಲ್ಲಿ ಕೀಲಿ. ಬೆಳಿಗ್ಗೆಯಿಂದ ಹಾಗೇ ನೋಡುತ್ತ ಕೂತಂತಿತ್ತು.

"ತೊಂಬತ್ತಮೂರು," ಅಂದಳು. "ಇನ್ನ ಐದಾಗಿಲ್ಲ."

"ಒತ್ತಕ್ಕಾ. ಈಗಽ ಒತ್ತು."

"ಉಳದವರು?"

"ತೆರದಾವ. ಈಗ ಒತ್ತಿದ್ರ ಯಾರದೂ ಮುಚ್ಚಂಗಿಲ್ಲ. ಒತ್ತು."

ನಿಂಗವ್ವ ತಂಗಿಯ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿದಳು, ಸಂತೆಯಲ್ಲಿ ರೇಷ್ಮೆಯ ಎಳೆ ನೋಡುವ ಹಾಗೆ. ಸುಳ್ಳಲ್ಲವೆಂದು ಖಾತ್ರಿಯಾದ ಮೇಲೆ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಊರಿದಳು. ಕೀಲಿ ಒಮ್ಮೆ ಸಣ್ಣಗೆ ಕಂಪಿಸಿತು.

"ನಾ ಹೇಳಿದ ಟೈಮ್ ತಪ್ಪಿತ್ತು," ಅಂದಳು ಇಂದುಮತಿ. "ಒಂದು ತಾಸು ತಪ್ಪಿತ್ತು."

"ಸಣ್ಣಾಕಿ ಇದ್ದಾಗಿಂದ ನೀ ಮಗ್ಗಿ ಹಂಗಽ ಹೇಳ್ತಿದ್ದಿ. ಎಲ್ಲಾ ಸರಿ, ಕಡೀಕೊಂದು ತಪ್ಪು." ನಿಂಗವ್ವ ಕೈ ಇಳಿಸಲಿಲ್ಲ. "ಈಗೇನು?"

"ಕಾಯೂದು."

ಕರೆಂಟಿಲ್ಲದ ಪಡಸಾಲೆಯಲ್ಲಿ ಇಬ್ಬರೂ ಕೂತರು. ಭಾವ ಕಾಶೀನಾಥ ಎರಡು ಸಲ ಬಾಗಿಲಲ್ಲಿ ಇಣುಕಿ, ಮೂರನೇ ಸಲ ಎರಡು ಲೋಟ ಚಹಾ ಇಟ್ಟು ಹೋದ. ನಾಲ್ಕೂವರೆಗೆ 92. ನಾಲ್ಕು ಐವತ್ತಕ್ಕೆ 91. ಇಂದುಮತಿ ಅಕ್ಕನ ಎತ್ತಿದ ಮೊಣಕೈಗೆ ತನ್ನ ಭುಜ ಆನಿಸಿ ಹಿಡಿದಳು.

"ಹೆಡ್‌ಮಾಸ್ತರು ಒಳ್ಳೇವ್ರ ಇದ್ರು," ಅಂದಳು ನಿಂಗವ್ವ. "ಬೆರಳು ಕಿವಿಗೆ ತಾಗಿರಲಿಲ್ಲ ನಂದು. ಒಂದೀಟು ಕಡಿಮಿ ಬಿದ್ದಿತ್ತು. ಅವರಽ ನನ್ನ ತಲಿ ಬಗ್ಗಸಿ ತಾಗಿಸಿದ್ರು. ಎರಡು ವರ್ಷ ಹೊಟ್ಟಿತುಂಬ ಉಂಡೆ."

ಐದಕ್ಕೆ ಮತ್ತೆ 91. ಐದು ಹತ್ತಕ್ಕೂ ಅದ್ಯಾಕೋ ಅಲ್ಲೇ ನಿಂತಿತ್ತು. ಆಚೆ ಮನೆಯ ಸಾವಂತ್ರವ್ವ ಫೋನು ಎತ್ತಿಕೊಂಡು ಬಂದು, ಟವರ್ ಈಗ ಬಂತು, ಕೂಟದಿಂದ ಮತ್ತೇನೋ ಸಂದೇಶ ಬಂದಿದೆ, ಓದಿ ಹೇಳು ಎಂದಳು. ಇಂದುಮತಿ ಕೈಸನ್ನೆಯಿಂದ ತಡೆದಳು. ಸಾವಂತ್ರವ್ವ ಹೊಸ್ತಿಲಲ್ಲೇ ನಿಂತಳು.

ಐದು ಇಪ್ಪತ್ತಕ್ಕೆ ಇಂದುಮತಿ ಕೀಲಿಯನ್ನು ಅಕ್ಕನ ತೋಳಿಗೆ ಹಿಡಿದು ಮೊದಲು ತಾನು ಓದಿಕೊಂಡಳು. ಆಮೇಲೆ ಅವಳ ಕೈಯನ್ನು ಕಿವಿಯಿಂದ ಬಿಡಿಸಿ ಮೆಲ್ಲಗೆ ತೊಡೆಯ ಮೇಲೆ ಇಳಿಸಿದಳು. ಪ್ರತಿ ಮಿಲಿಲೀಟರಿಗೆ 92 ಪಿಕೊಗ್ರಾಂ.